ಗ್ಯಾಸ್ ಸ್ಟೋವ್‌ಗೆ ಬ್ಲೋವರ್: ವೈರಿಂಗ್ ಕಡೆ ಗಮನ ಇರಲಿ

ಅಮೆರಿಕದ ಮಿಷಿಗನ್‌ನಲ್ಲಿರುವ ನಿಮ್ಮ ಮನೆಯ ಗ್ಯಾಸ್ ಹೀಟಿಂಗ್ ಸ್ಟೋವ್‌ಗೆ (ಅಡುಗೆಯದ್ದಲ್ಲ, ಕೋಣೆ ಬೆಚ್ಚಗಿಡುವುದು) ಬ್ಲೋವರ್, ಅಂದರೆ ಬಿಸಿ ಗಾಳಿಯನ್ನು ಕೋಣೆಗೆ ತಳ್ಳುವ ಫ್ಯಾನ್, ನೀವೇ ಕೂರಿಸಬಹುದಾ ಅಂತ ಕೇಳಿದ್ದೀರಿ. ಕೈಪಿಡಿಯಲ್ಲಿ ಅವಕಾಶ ಇದ್ದರೆ ಕೂರಿಸಬಹುದು, ಆದರೆ ನಿಮ್ಮ ಮಾಡೆಲ್‌ಗೆಂದೇ ತಯಾರಕರು ಕೊಡುವ ಕಿಟ್ ಮಾತ್ರ ತನ್ನಿ. ಗ್ಯಾಸ್ ಬಂದ್ ಮಾಡಿ, ಸ್ಟೋವ್ ಪೂರ್ತಿ ತಣ್ಣಗಾದ ಮೇಲೇ ಕೈ ಹಾಕಿ.

ನನಗೆ ಹೆಚ್ಚು ಭಯ ವೈರಿಂಗ್‌ದು. ಬ್ಲೋವರ್‌ಗೆ ಬೇಕಿರುವುದು ಗೋಡೆಯ 120 ವೋಲ್ಟ್. ಗ್ಯಾಸ್ ವಾಲ್ವ್‌ಗೆ ಹೋಗುವ ಥರ್ಮೋಸ್ಟಾಟ್ (ಕೋಣೆಯ ಶಾಖ ನೋಡಿ ಸ್ಟೋವ್ ಆನ್-ಆಫ್ ಮಾಡುವ ಸಾಧನ) ವೈರು ಎಷ್ಟೋ ಮಾಡೆಲ್‌ಗಳಲ್ಲಿ ಬರೀ ಮಿಲಿವೋಲ್ಟ್‌ನದ್ದು, ಅಂದರೆ ಒಂದು ವೋಲ್ಟ್‌ಗಿಂತಲೂ ಕಡಿಮೆ. ಇವೆರಡನ್ನು ಯಾವ ಕಾರಣಕ್ಕೂ ಸೇರಿಸಬೇಡಿ, ವಾಲ್ವ್ ಹಾಳಾಗುತ್ತೆ. ಪ್ಲಗ್‌ನ ಅರ್ಥ್ ಪಿನ್ ಕತ್ತರಿಸಬೇಡಿ, ವೈರು ಬಿಸಿ ತಗಡಿಗೆ ತಾಗದಿರಲಿ.

ಕಿಟ್ ಜೊತೆ ಶಾಖಕ್ಕೆ ಆನ್ ಆಗುವ ಪುಟ್ಟ ಸ್ವಿಚ್ ಬಂದಿದ್ದರೆ ಫ್ಯಾನ್ ತಿರುಗೋದು ಸ್ಟೋವ್ ಕಾದ ಮೇಲೆಯೇ. ಹೊತ್ತಿಸಿದ ತಕ್ಷಣ ತಿರುಗದಿದ್ದರೆ ಗಾಬರಿಯಾಗಬೇಡಿ. ಫೈರ್‌ಬಾಕ್ಸ್‌ಗೆ (ಬೆಂಕಿ ಉರಿಯುವ ಪೆಟ್ಟಿಗೆಗೆ) ತೂತು ಕೊರೆಯಬೇಕು ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ, ಲೈಸೆನ್ಸ್ ಇರುವ ಟೆಕ್ನಿಷಿಯನ್‌ನ ಕರೆಸಿ. ಮಕ್ಕಳಿರುವ ಮನೆ ಅಂದಿದ್ದೀರಿ, ಕಾರ್ಬನ್ ಮಾನಾಕ್ಸೈಡ್ (ವಾಸನೆಯಿಲ್ಲದ ವಿಷಾನಿಲ) ಅಲಾರಂ ಇಲ್ಲದೆ ಸ್ಟೋವ್ ಹಚ್ಚಲೇಬೇಡಿ.