ಮುರಕಲ್ಲಿನೊಳಗಿನ ಹೈಡ್ರೋಜನ್
ಒಣಗಿದ ಮುರಕಲ್ಲಲ್ಲೂ (ಜಂಬಿಟ್ಟಿಗೆ, ಲ್ಯಾಟರೈಟ್) ಹೈಡ್ರೋಜನ್ ಇರುತ್ತದಾ, ಇದ್ದರೆ ಉರಿಯಬೇಕಲ್ಲ ಅಂತ ಕೇಳಿದ್ದೀರಿ. ಇದೆ ಮಾರಾಯ್ರೆ, ಆದರೆ ಅನಿಲವಾಗಿ ಅಲ್ಲ. ಆಮ್ಲಜನಕದ ಜೊತೆ ಗಂಟುಬಿದ್ದು ಹೈಡ್ರಾಕ್ಸಿಲ್ ಎಂಬ ಜೋಡಿಯಾಗಿ ಕೂತಿದೆ. ಒಮ್ಮೆ ಉರಿದು ಮುಗಿದ ಹಾಗೆಯೇ ಲೆಕ್ಕ. ಕಲ್ಲನ್ನು ಕತ್ತಿಯಿಂದ ಕೆರೆದರೆ ಉದುರುವ ಹಳದಿ-ಕಂದು ಪುಡಿ ಹೆಚ್ಚಾಗಿ ಗೋಥೈಟ್ ಎಂಬ ಕಬ್ಬಿಣದ ಖನಿಜ, ಕಾಯಿಸಿದರೆ ಅದರ ತೂಕದಲ್ಲಿ ಶೇ. 10ರಷ್ಟು ನೀರಾಗಿಯೇ ಹೊರಬರುತ್ತದೆ. ಬಿಳಿ ಜೇಡಿಯ ಖನಿಜ ಕೆಯೊಲಿನೈಟ್‌ನಲ್ಲಿ ಶೇ. 14. ಅಲ್ಯೂಮಿನಿಯಂ ಖನಿಜ ಗಿಬ್ಸೈಟ್‌ನಲ್ಲಂತೂ ಶೇ. 35ರ ಹತ್ತಿರ!

ನಮ್ಮ ಏಪ್ರಿಲ್ ಬಿಸಿಲಿಗೂ ಈ ನೀರು ಜಗ್ಗುವುದಿಲ್ಲ. ಹಂಚಿನ ಗೂಡಿನಲ್ಲಿ 500 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಜೇಡಿಯದ್ದು ಆವಿಯಾಗಿ ಹೊರಡುತ್ತದೆ. ಸುಟ್ಟ ಮಂಗಳೂರು ಹಂಚು ಮಳೆಗೆ ನೆಂದರೂ ಮತ್ತೆ ಮಣ್ಣಾಗದಿರಲು ಅದೂ ಒಂದು ಕಾರಣ. ಗೋಥೈಟ್ ಸುಮಾರು 300ಕ್ಕೇ ನೀರು ಬಿಟ್ಟು ಹೆಮಟೈಟ್ ಎಂಬ ಕೆಂಪು ಕಬ್ಬಿಣದ ಆಕ್ಸೈಡ್ ಆಗುತ್ತದೆ. ಹಂಚಿನ ಕೆಂಪು ಅದರದ್ದೇ.