ಮೇಲಿನ ಹಲ್ಲಿನ ಸೆಟ್ಟಿಗೆ ಎರಡು ಇಂಪ್ಲಾಂಟ್ ಸಾಕೇ?

ಡೊಂಬಿವಲಿಯಿಂದ ಕೇಳಿದವರಿಗೆ ನಮಸ್ಕಾರ. ಅಮ್ಮನವರ ಮೇಲಿನ ಸೆಟ್ಟು ಜೋಳದ ರೊಟ್ಟಿ ಕಡಿಯುವಾಗ ಜಾರುತ್ತದೆ, ಎರಡು ಇಂಪ್ಲಾಂಟ್ (ದವಡೆಯ ಮೂಳೆಯೊಳಗೆ ಕೂರಿಸುವ ಸ್ಕ್ರೂನಂಥ ಕೃತಕ ಬೇರು) ಹಾಕಿಸಿದರೆ ನಿಂತೀತೇ ಎಂದಿದ್ದೀರಿ. ದಯವಿಟ್ಟು ಎರಡಕ್ಕೆ ಒಪ್ಪಿಕೊಳ್ಳಬೇಡಿ. ಎರಡು ಸಾಕಾಗುವುದು ಕೆಳದವಡೆಗೆ. ಮೇಲ್ದವಡೆಯ ಮೂಳೆ ಮೆತ್ತಗೆ, ಹಿಂಭಾಗದಲ್ಲಿ ಸೈನಸ್ ಎಂಬ ಗಾಳಿಯ ಟೊಳ್ಳು ಇರುವುದರಿಂದ ಮೂಳೆಯ ಎತ್ತರವೂ ಕಡಿಮೆ. ಸಾಮಾನ್ಯವಾಗಿ ಕನಿಷ್ಠ 4 ಬೇಕು, ಅವೂ ಒಂದೇ ಕಡೆ ಗುಂಪಾಗಿರದೆ ಹರಡಿಕೊಂಡಿರಬೇಕು.

ಹಾಗೆ ಕೂರಿಸಿದರೆ ಹಿಡಿತ ನಿಜಕ್ಕೂ ಚೆನ್ನಾಗಿರುತ್ತದೆ. ಸೆಟ್ಟು ಟಿಚ್ ಬಟನ್ನಿನ ಹಾಗೆ ಕೂರುತ್ತದೆ, ರಾತ್ರಿ ತೆಗೆದು ತೊಳೆಯಬಹುದು. ಎಷ್ಟೋ ಜನರಿಗೆ ಅಂಗುಳ ಮುಚ್ಚುವ ಭಾಗವನ್ನೂ ಕತ್ತರಿಸಿ ಕೊಡುತ್ತಾರೆ. ಊಟದ ರುಚಿ, ಬಿಸಿ ತಿಳಿಯುವುದು ವಯಸ್ಸಾದವರಿಗೆ ಎಷ್ಟು ದೊಡ್ಡ ಸಂತೋಷ! ಸೆಟ್ಟಿನೊಳಗೆ ಇಂಪ್ಲಾಂಟನ್ನು ಹಿಡಿದುಕೊಳ್ಳುವ ನೈಲಾನ್ ತುಂಡುಗಳು ಸವೆದು ಸಡಿಲವಾಗುತ್ತವೆ. ಬದಲಾಯಿಸುವುದು ಸಣ್ಣ ಕೆಲಸ, ಆದರೆ ಅದರ ಖರ್ಚನ್ನು ಮೊದಲೇ ಕೇಳಿಕೊಳ್ಳಿ. ಸ್ವಲ್ಪವೂ ಅಲುಗಬಾರದು ಎಂದರೆ ಸ್ಕ್ರೂ ಹಾಕಿ ಕೂರಿಸುವ ಫಿಕ್ಸೆಡ್ ಸೆಟ್ಟೇ ಆಗಬೇಕು. ಅದು ದುಬಾರಿ, ಶುಚಿ ಮಾಡುವುದೂ ಕಷ್ಟ.

ಸಕ್ಕರೆ ಕಾಯಿಲೆ ಇದ್ದರೆ ಮೊದಲು ಹತೋಟಿಗೆ ತನ್ನಿ. ಮೂಳೆ ಎಷ್ಟಿದೆ ಎಂದು ಸಿಬಿಸಿಟಿ ಸ್ಕ್ಯಾನ್ (ದವಡೆಯ ಮೂರು ಆಯಾಮದ ಎಕ್ಸ್-ರೇ) ನೋಡದೆ ಯಾರಾದರೂ ಸಂಖ್ಯೆ ಹೇಳಿದರೆ ನಂಬಬೇಡಿ. ಎರಡನೆಯ ಅಭಿಪ್ರಾಯಕ್ಕೆ ಮುಂಬಯಿ ಸೆಂಟ್ರಲ್‌ನ ನಾಯರ್ ದಂತ ಕಾಲೇಜಿನ ಪ್ರಾಸ್ತೊಡಾಂಟಿಕ್ಸ್ (ಕೃತಕ ಹಲ್ಲು ಕೂರಿಸುವ) ವಿಭಾಗಕ್ಕೆ ಹೋಗಬಹುದು. ಬೆಳಿಗ್ಗೆ ಬೇಗ ಹೊರಡಿ, ಹಳೆಯ ಸೆಟ್ಟನ್ನೂ ಜೊತೆಗೆ ಒಯ್ಯಿರಿ.