ಕೇಳಿಸಿತ್ತ್ರಿ ಮೇಡಂ

ಕಳೆದ ಒಂದೂವರೆ ವರ್ಷದಲ್ಲಿ ಬೀದರ್‌ನ ನನ್ನ ಚಿಕ್ಕ ಆಪ್ತಸಲಹೆ ಕೋಣೆಗೆ ಒಂದೇ ತೊಂದರೆ ಹೊತ್ತು ನಾಲ್ಕು ಜನ ಬಂದರು: ಯಾರು ಎಷ್ಟು ವೇಗ ಅಂತ ಫೋನಿನ ಆ್ಯಪ್ ತೋರಿಸುವ ಪಟ್ಟಿಯ ಗೀಳು. ಮೂವರು ಸೈಕಲ್‌ನವರು, ಒಬ್ಬರು ಓಡುವವರು. ಯಾರೂ ಮೊದಲ ದಿನ ಆ ಮಾತು ತೆಗೆಯಲಿಲ್ಲ. ನಿದ್ದೆ ಬರಲ್ಲ, ಸಿಟ್ಟು ಜಾಸ್ತಿ ಆಗಿದೆ, ಮನೆಯಲ್ಲಿ ಮಾತಿಲ್ಲ ಅಂತಲೇ ಶುರುವಾಯಿತು. ಫೋನಿನಲ್ಲಿರುವ ಆ ಪಟ್ಟಿಯ ವಿಷಯ ಹೊರಗೆ ಬರಲು ಮೂರು ನಾಲ್ಕು ಭೇಟಿ ಬೇಕಾದವು. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು. ಇನ್ನೊಂದು ಕಾರಣವೂ ಇದೆ. ಒಬ್ಬರಿಗೆ ನಾನು ಕೊಟ್ಟ ಸಲಹೆಯನ್ನು ಇದೇ ಕೆಲಸದಲ್ಲಿರುವ ನನ್ನ ಗೆಳತಿಯೇ ಒಪ್ಪಲಿಲ್ಲ. ಆ ಸಲಹೆ ಯಾಕೆ ಕೊಟ್ಟೆ ಅಂತ ಹೇಳಿಬಿಡುವುದು ಒಳ್ಳೆಯದು.

ಆ ಸಲಹೆ ಪಡೆದವರನ್ನು ಇಲ್ಲಿ ಮಾಸ್ತರ್ರು ಎಂದು ಕರೆಯುತ್ತೇನೆ. ಅವರ ಕೆಲಸ, ವಯಸ್ಸು, ಓಣಿ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ, ಮಗಳನ್ನೂ ಅವರೇ ಕೇಳಿ ಬಂದರು. ನಲವತ್ತರ ಆಸುಪಾಸಿನವರು. ಸಕ್ಕರೆ ಕಾಯಿಲೆ ಗಡಿಗೆ ಬಂದಿದೆ ಅಂತ ಡಾಕ್ಟರು ಹೇಳಿದ ಮೇಲೆ ಸೈಕಲ್ ಹಿಡಿದರು. ತೂಕ ಇಳಿಯಿತು, ರಕ್ತ ಪರೀಕ್ಷೆ ಸುಧಾರಿಸಿತು. ಆಮೇಲೆ ಯಾರೋ ಆ್ಯಪ್ ಹಾಕಿಕೊಟ್ಟರು.

ಬೀದರ್ ಊರು ಕೆಂಪು ಜಂಬಿಟ್ಟಿಗೆಯ ದಿನ್ನೆಯ ಮೇಲೆ ಕೂತಿದೆ. ಪೂರ್ವಕ್ಕೆ ಇಳಿದರೆ ಚೌಖಂಡಿ, ಅದರ ಮುಂದೆ ಅಷ್ಟೂರಿನ ಬಹಮನಿ ಗುಂಬಜ್‌ಗಳು. ಯಾವ ಕಡೆ ಇಳಿದರೂ ಮನೆಗೆ ಬರುವಾಗ ಏರಲೇಬೇಕು. ಅಂಥ ಏರುಗಳಲ್ಲಿ ಒಂದರ 1.2 ಕಿಲೋಮೀಟರ್ ತುಂಡು ಮಾಸ್ತರ್ರ ಜೀವ ಹಿಡಿದುಕೊಂಡಿತ್ತು. ಯಾವ ಏರು ಅಂತ ಹೇಳುವುದಿಲ್ಲ. ಹೇಳಿದರೆ ಪಟ್ಟಿ ತೆಗೆದು ಹೆಸರು ಹುಡುಕಲು ಎರಡು ನಿಮಿಷ ಸಾಕು.

ಗೊತ್ತಿಲ್ಲದವರಿಗೆ ಒಂದು ಮಾತು. ಈ ಬಗೆಯ ಆ್ಯಪ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವುದು 2009ರಲ್ಲಿ ಅಮೆರಿಕದಲ್ಲಿ ಶುರುವಾದ ಸ್ಟ್ರಾವಾ. ಬೇರೆಯವೂ ಇವೆ. ರಸ್ತೆಯ ಒಂದು ತುಂಡನ್ನು ಆ್ಯಪ್ ಬಳಸುವವರೇ ಗುರುತು ಮಾಡಿ ಸೆಗ್ಮೆಂಟ್ ಅಂತ ಹೆಸರಿಡಬಹುದು. ಅಲ್ಲಿಂದಾಚೆ ಆ ತುಂಡು ದಾಟುವ ಪ್ರತಿಯೊಬ್ಬರ ಸಮಯ ತಾನಾಗಿ ಲೆಕ್ಕಕ್ಕೆ ಬಿದ್ದು ಪಟ್ಟಿಯಲ್ಲಿ ಕೂರುತ್ತದೆ. ಅದೇ ಲೀಡರ್‌ಬೋರ್ಡ್. ಮೊದಲ ಸ್ಥಾನಕ್ಕೆ ಕಿರೀಟದ ಗುರುತು. ಬೆಟ್ಟದ ರಾಜ ಅನ್ನುವ ಅರ್ಥದಲ್ಲಿ ಹುಡುಗರು ಅದನ್ನು ಕೆಓಎಂ ಅನ್ನುತ್ತಾರೆ. ನಿಮ್ಮ ಕಿರೀಟವನ್ನು ಇನ್ನೊಬ್ಬರು ಕಿತ್ತುಕೊಂಡರೆ ಫೋನಿಗೆ ಸುದ್ದಿ ಬರುತ್ತದೆ. ಊಟ ಮಾಡುವಾಗ ಬರಬಹುದು, ಮಗುವನ್ನು ಮಲಗಿಸುವಾಗ ಬರಬಹುದು.

ಆ ಹೆಸರು ಬಂದಿದ್ದು ಸೈಕಲ್ ರೇಸಿನಿಂದ. ಟೂರ್ ಡಿ ಫ್ರಾನ್ಸ್‌ನಲ್ಲಿ 1933ರಿಂದ ಬೆಟ್ಟ ಹತ್ತುವವರಿಗೇ ಬೇರೆ ಪ್ರಶಸ್ತಿ ಇದೆ. 1975ರಿಂದ ಅದಕ್ಕೆ ಬಿಳಿ ಮೇಲೆ ಕೆಂಪು ಚುಕ್ಕಿಯ ಅಂಗಿ. ಆದರೆ ಅಲ್ಲಿ ರೇಸಿನ ದಿನ ರಸ್ತೆ ಮುಚ್ಚಿರುತ್ತಾರೆ. ತಿರುವಿಗೆ ತಿರುವಿಗೆ ಜನ ನಿಂತಿರುತ್ತಾರೆ, ಹಿಂದೆ ಡಾಕ್ಟರ ಕಾರು ಬರುತ್ತದೆ. ನಮ್ಮ ಏರಿನಲ್ಲಿ ಎರಡು ಟ್ರಾಲಿ ಕಬ್ಬು ಎಳೆಯುವ ಟ್ರ್ಯಾಕ್ಟರ್ ಇದೆ, ಎಮ್ಮೆ ಇದೆ, ಶಾಲೆಗೆ ಹೊರಟ ಮಕ್ಕಳಿದ್ದಾರೆ. ಕಿರೀಟ ಮಾತ್ರ ಇಲ್ಲಿಗೆ ಬಂತು, ಮುಚ್ಚಿದ ರಸ್ತೆ ಬರಲಿಲ್ಲ. ನನ್ನ ಹೊಟ್ಟೆಯೊಳಗಿನ ಸಂಕಟ ಇದು.

ಮಾಸ್ತರ್ರನ್ನು ಕರೆತಂದದ್ದು ಅವರ ಹೆಂಡತಿ. "ಸೈಕಲ್ ಮಾರ್ಸಿಬಿಡ್ರಿ ಮೇಡಂ" ಅನ್ನುವುದೇ ಅವರ ಬೇಡಿಕೆ. ರಾತ್ರಿ ಎರಡಕ್ಕೆ ಎದ್ದು ಕೂತು ಬೇರೆಯವರ ರೈಡ್ ನೋಡುತ್ತಾರಂತೆ. ಗಾಳಿ ಯಾವ ಕಡೆ ಬೀಸುತ್ತದೆ ಅಂತ ನೋಡಿ ರಜೆ ಹಾಕುತ್ತಾರಂತೆ. ವಾರಕ್ಕೆ ಆರು ದಿನ ಉಸಿರು ಕಟ್ಟುವ ಹಾಗೆ ತುಳಿಯುತ್ತಾರೆ. ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ವಿಶ್ರಾಂತಿ ಇಲ್ಲದೆ ತುಳಿದರೆ ನಿದ್ದೆಯೂ ಕೆಡುತ್ತದೆ, ಸಿಟ್ಟೂ ಬರುತ್ತದೆ. ಅದನ್ನೆಲ್ಲ ಮನಸ್ಸಿನ ಲೆಕ್ಕಕ್ಕೆ ಹಾಕಬಾರದು. ಮೊದಲ ಮೂರು ಭೇಟಿಗಳಲ್ಲಿ ಹೆಚ್ಚೇನೂ ಆಗಲಿಲ್ಲ.

ನಾಲ್ಕನೇ ಭೇಟಿಯಲ್ಲಿ ಅವರು ಫೋನ್ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಪಟ್ಟಿ ತೆರೆದಿತ್ತು. ಮಾಸ್ತರ್ರು ಮೂರನೆಯವರು, 3 ನಿಮಿಷ 38 ಸೆಕೆಂಡ್. ಎರಡನೆಯವರದು 3 ನಿಮಿಷ 37. "ಒಂದೇ ಸೆಕೆಂಡ್ ನೋಡ್ರಿ" ಅಂದರು. ಬೆರಳು ಆ ಸಾಲಿನ ಮೇಲೇ ಇತ್ತು. ಗಾಜಿನ ಮೇಲೆ ಅಲ್ಲೊಂದು ಮಸುಕು ಗುರುತೇ ಆಗಿತ್ತು.

ನನಗೆ ಲೆಕ್ಕ ಮಾಡೋಣ ಅನ್ನಿಸಿತು. ಕಾಗದ ಕೊಟ್ಟೆ. 1,200 ಮೀಟರ್, 218 ಸೆಕೆಂಡ್. ಒಂದು ಸೆಕೆಂಡಿಗೆ ಐದೂವರೆ ಮೀಟರ್. "ಮಾಸ್ತರ್ರೇ, ಬಯಲಿನಲ್ಲಿ, ಆಕಾಶ ತೆರೆದಿದ್ದಾಗಲೂ ಫೋನಿನ ಜಿಪಿಎಸ್ ಸುಮಾರು ಐದು ಮೀಟರ್ ಆಚೀಚೆ ತೋರಿಸುತ್ತದೆ. ಮರ, ಕಟ್ಟಡ ಇದ್ದರೆ ಇನ್ನೂ ಜಾಸ್ತಿ. ನೀವು ಶುರು ಮಾಡಿದ ಜಾಗ, ಮುಗಿಸಿದ ಜಾಗ ಎರಡನ್ನೂ ಅದು ಅಂದಾಜಿನಲ್ಲೇ ಹಿಡಿಯುವುದು. ಆ ಒಂದು ಸೆಕೆಂಡ್ ನಿಮ್ಮದೋ, ಉಪಗ್ರಹದ್ದೋ?" ಅಂತ ಕೇಳಿದೆ.

ಇದನ್ನು ಅವರ ಮನಸ್ಸು ಹಗುರ ಆಗಲಿ ಅಂತ ಹೇಳಿದ್ದೆ. ಹಗುರ ಆಗಲಿಲ್ಲ. ಅವರು ಕಾಗದ ನೋಡುತ್ತಲೇ ಕೂತರು. ಹೊರಗೆ ವಾಯುಪಡೆಯ ತರಬೇತಿ ವಿಮಾನ ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ಇಬ್ಬರೂ ಸುಮ್ಮನಿದ್ದೆವು.

"ಕೇಳಿಸಿತ್ತ್ರಿ ಮೇಡಂ" ಅಂದರು.

ಏನು ಅಂತ ನಾನು ಕೇಳಲಿಲ್ಲ.

ಚಳಿಗಾಲದ ಒಂದು ಭಾನುವಾರ. ಹನ್ನೊಂದು ವರ್ಷದ ಮಗಳೂ ಜೊತೆಗೆ ಬಂದಿದ್ದಳು, ತನ್ನ ಗೇರಿಲ್ಲದ ಸೈಕಲ್ ಮೇಲೆ. ಏರಿನ ಬುಡಕ್ಕೆ ಬಂದಾಗ ಮಾಸ್ತರ್ರು ಅವಳನ್ನು ಮುಂದೆ ಬಿಟ್ಟರು. ತಾವು ಒಂದೆರಡು ನಿಮಿಷ ನಿಂತು, ಉಸಿರು ಸರಿ ಮಾಡಿಕೊಂಡು, ಆಮೇಲೆ ಶುರು ಮಾಡಿದರು. ಮಗಳನ್ನು ದಾಟುವಾಗಲೇ ಅವಳ ಚೈನ್ ಬಿತ್ತು. "ಪಪ್ಪಾ, ಚೈನ್" ಅಂತ ಕೂಗಿದಳು. ಇನ್ನೂ ನಾನೂರು ಮೀಟರ್ ಉಳಿದಿತ್ತು. ಅವರು ನಿಲ್ಲಲಿಲ್ಲ.

"ನಿಂತ್ರ ಟೈಮ್ ನಿಲ್ಲಂಗಿಲ್ರಿ" ಅಂದರು. ಅದು ನಿಜ. ರೈಡಿನ ಒಟ್ಟು ಲೆಕ್ಕದಲ್ಲಿ ನಾವು ನಿಂತ ಹೊತ್ತನ್ನು ಆ್ಯಪ್ ಬೇರೆ ಮಾಡಿ ತೋರಿಸುತ್ತದೆ. ಸೆಗ್ಮೆಂಟಿನಲ್ಲಿ ಹಾಗಿಲ್ಲ. ಶುರುವಿನಿಂದ ಕೊನೆಯವರೆಗೆ ಗಡಿಯಾರ ಓಡುತ್ತಲೇ ಇರುತ್ತದೆ.

ಮೇಲೆ ಮುಟ್ಟಿ, ಫೋನ್ ನೋಡಿ, ತಿರುಗಿ ಬಂದರು. ಅಷ್ಟರಲ್ಲಿ ಹುಡುಗಿ ತಾನೇ ಚೈನ್ ಹಾಕಿಕೊಂಡಿದ್ದಳು. ಎರಡೂ ಕೈ ಕರ್ರಗೆ. ಹಳದಿ ಸ್ವೆಟರಿನ ಹೊಟ್ಟೆಯ ಮೇಲೆ ನಾಲ್ಕು ಬೆರಳಿನ ಗುರುತು. ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಸೈಕಲನ್ನು ಮಣ್ಣಿಗೆ ಇಳಿಸಿ, ಅದನ್ನು ಅಡ್ಡ ಹಿಡಿದುಕೊಂಡು ನಿಂತಿದ್ದಳು. "ಕೇಳಿಸ್ಲಿಲ್ಲ ಪುಟ್ಟಿ" ಅಂದರು ಇವರು. ಅವಳು ಏನೂ ಅನ್ನಲಿಲ್ಲ. ಮುಂದಿನ ಭಾನುವಾರ ಹೊಟ್ಟೆನೋವು ಅಂದಳು. ಅದರ ಮುಂದಿನ ಭಾನುವಾರ ಹೋಮ್‌ವರ್ಕ್ ಅಂದಳು. ಆಮೇಲೆ ಕರೆಯುವುದನ್ನು ಇವರೂ ಬಿಟ್ಟರು.

"ಹೆಂಡ್ತಿಗೂ ಕೇಳಿಸ್ಲಿಲ್ಲ ಅಂತನೇ ಹೇಳೀನಿ. ಆವತ್ತಿನ ಟೈಮೂ ಛಲೋ ಬರ್ಲಿಲ್ರಿ. ನಾಲ್ಕು ಸೆಕೆಂಡ್ ಜಾಸ್ತಿ."

ಆ ಕೊನೆಯ ಮಾತು ಹೇಳಿ ಮುಖ ಮುಚ್ಚಿಕೊಂಡರು. ಆ ಗಳಿಗೆಯಲ್ಲೂ ನಾಲ್ಕು ಸೆಕೆಂಡ್ ನೆನಪಿತ್ತಲ್ಲ, ಅದೇ ಅವರಿಗೆ ಹೆದರಿಕೆ ತಂದಿತ್ತು.

ನಿದ್ದೆ ಯಾಕೆ ಬರುತ್ತಿಲ್ಲ ಅಂತ ಆ ದಿನ ಇಬ್ಬರಿಗೂ ಗೊತ್ತಾಯಿತು. ನಾನು ಮೂರು ಸಲಹೆ ಕೊಟ್ಟೆ.

ಸೈಕಲ್ ಮಾರಬೇಡಿ, ಆ್ಯಪ್ ಕೂಡ ಅಳಿಸಬೇಡಿ ಅಂದೆ. ಹೆಂಡತಿಗೆ ಇದು ಹಿಡಿಸಲಿಲ್ಲ. ಆದರೆ ಆ ಸೈಕಲ್ ಅವರ ಸಕ್ಕರೆಗೆ ಔಷಧಿ ಇದ್ದ ಹಾಗೆ. ಆ್ಯಪ್ ಅಳಿಸುವ ವಿಷಯದಲ್ಲಿ ನನಗೆ ಅನುಭವ ಇದೆ. ನಾಲ್ವರಲ್ಲಿ ಒಬ್ಬರು ಅಳಿಸಿ, ಒಂಬತ್ತೇ ದಿನಕ್ಕೆ ಮನೆಯವರಿಗೆ ಗೊತ್ತಾಗದ ಹಾಗೆ ಮತ್ತೆ ಹಾಕಿಕೊಂಡಿದ್ದರು. ಮೊದಲು ಒಂದು ತೊಂದರೆ ಇತ್ತು, ಈಗ ಕದ್ದು ನೋಡುವುದೂ ಸೇರಿತು. ಅದಕ್ಕೆ ಮಾಸ್ತರ್ರಿಗೆ ಹೇಳಿದ್ದು ಬೇರೆ. 90 ದಿನ ಪ್ರತಿ ರೈಡನ್ನೂ ನಿಮಗೆ ಮಾತ್ರ ಕಾಣುವ ಹಾಗೆ ಸೆಟ್ಟಿಂಗ್ ಬದಲಿಸಿ. ಹಾಗೆ ಮಾಡಿದರೆ ಆ ರೈಡು ಪಟ್ಟಿಗೆ ಹೋಗುವುದಿಲ್ಲ. ನಿಮ್ಮ ದೂರ, ನಿಮ್ಮ ನಾಡಿ, ನಿಮ್ಮ ತಿಂಗಳ ಲೆಕ್ಕ ಎಲ್ಲ ನಿಮ್ಮ ಹತ್ತಿರ ಇರುತ್ತದೆ. ಫೋನ್ ಜೇಬಿನಲ್ಲೇ ಇರಲಿ. ಬಿದ್ದರೆ ಕರೆ ಮಾಡಲು ಬೇಕು.

90 ಯಾಕೆ ಅಂತ ಕೇಳಿದರು. ಆ ಲೆಕ್ಕ ಅವರಿಗೇ ಗೊತ್ತಿತ್ತು. 2020ರಲ್ಲಿ ಸ್ಟ್ರಾವಾ ಲೋಕಲ್ ಲೆಜೆಂಡ್ ಅನ್ನುವ ಇನ್ನೊಂದು ಬಿರುದು ತಂದಿತು. ಕಳೆದ 90 ದಿನದಲ್ಲಿ ಒಂದು ಸೆಗ್ಮೆಂಟನ್ನು ಎಲ್ಲರಿಗಿಂತ ಜಾಸ್ತಿ ಸಲ ದಾಟಿದವರಿಗೆ ಅದು. ಅಲ್ಲಿ ವೇಗ ಲೆಕ್ಕಕ್ಕಿಲ್ಲ. ಎಷ್ಟೋ ಜನರಿಗೆ ಅದರಿಂದ ಒಳ್ಳೆಯದೇ ಆಗಿರಬಹುದು. ಆದರೆ ಗೀಳು ಹತ್ತಿದವರು ವೇಗ ಬಿಟ್ಟು ಎಣಿಕೆಗೆ ಅಂಟಿಕೊಳ್ಳುವುದನ್ನು ನಾನು ನೋಡಿದ್ದೇನೆ. ಆ 90 ದಿನದ ಎಣಿಕೆಯೂ ಪೂರ್ತಿ ಸೊನ್ನೆಗೆ ಬರಲಿ ಅನ್ನುವುದು ನನ್ನ ಉದ್ದೇಶ.

ಎರಡನೆಯದು ಆ ಏರಿನ ಬಗ್ಗೆ. ಸೆಗ್ಮೆಂಟನ್ನು ಅಪಾಯದ್ದು ಅಂತ ಗುರುತು ಮಾಡುವ ದಾರಿ ಇದೆ. ಹಾಗೆ ಗುರುತಾದ ತುಂಡಿಗೆ ಪಟ್ಟಿ ತೋರಿಸುವುದಿಲ್ಲ. ಶಾಲೆಯ ಹೊತ್ತಿಗೆ, ಕಬ್ಬಿನ ಕಾಲಕ್ಕೆ ಆ ರಸ್ತೆ ಹೇಗಿರುತ್ತದೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಯೋಚನೆ ಮಾಡಿ ಅಂದೆ. ಒತ್ತಾಯ ಮಾಡಲಿಲ್ಲ. ರೇಸಿನ ಹಂಬಲ ಇದ್ದರೆ ರೇಸಿಗೇ ಹೋಗಿ ಅಂತಲೂ ಹೇಳಿದೆ. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ರೇಸಿಗೆ ಒಳ್ಳೆಯ ಹೆಸರಿದೆ. ಅಲ್ಲಿ ಸೋಲಿಸಿದವರ ಮುಖ ಕಾಣುತ್ತದೆ, ಕೈ ಕುಲುಕಬಹುದು. ರಾತ್ರಿ ಎರಡಕ್ಕೆ ಫೋನಿನಲ್ಲಿ ಅವರನ್ನು ಹುಡುಕುವ ಕೆಲಸ ಇರುವುದಿಲ್ಲ.

ಮೂರನೆಯ ಸಲಹೆಗೇ ಗೆಳತಿ ನನ್ನ ಮೇಲೆ ಸಿಟ್ಟಾದದ್ದು. ಮಗಳಿಗೆ ನಿಜ ಹೇಳಿ ಅಂದೆ. ಕೇಳಿಸಿತ್ತು, ಕೇಳಿಸಿಯೂ ನಿಲ್ಲಲಿಲ್ಲ ಅಂತ. ಕಾರಣ ಕೊಡಬೇಡಿ, ಅಳಬೇಡಿ, ಕ್ಷಮಿಸು ಅಂತ ಅವಳ ಮೇಲೆ ಭಾರ ಹಾಕಬೇಡಿ. ಹೇಳಿ, ಸುಮ್ನೆ ಕೂತಿರಿ.

"ಹನ್ನೊಂದು ವರ್ಷದ ಹುಡುಗಿಗೆ ಅಪ್ಪ ಬೇಕಂತಲೇ ಬಿಟ್ಟು ಹೋದ ಅಂತ ಯಾಕೆ ಹೇಳಿಸಬೇಕು? ಕೇಳಿಸಲಿಲ್ಲ ಅನ್ನುವುದನ್ನೇ ನಂಬಿಕೊಂಡಿದ್ದರೆ ಅವಳಿಗೆ ನೆಮ್ಮದಿ ಅಲ್ವಾ?" ಅಂತ ಗೆಳತಿ ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಎರಡು ರಾತ್ರಿ ನಾನೂ ಅದನ್ನೇ ಯೋಚಿಸಿದೆ. ಆದರೆ ಅವಳು ನಂಬಿದ್ದರೆ ಭಾನುವಾರ ಹೊಟ್ಟೆನೋವು ಯಾಕೆ ಬರಬೇಕಿತ್ತು? ಈ ಕೋಣೆಯಲ್ಲಿ ಕೂತ ಎಷ್ಟೋ ದೊಡ್ಡವರು ಚಿಕ್ಕಂದಿನ ಕಥೆ ಹೇಳುತ್ತಾರೆ. ಅಪ್ಪ ಹೊಡೆದದ್ದನ್ನು ದಾಟಿ ಬಂದವರಿದ್ದಾರೆ. ಕಣ್ಣಾರೆ ಕಂಡದ್ದನ್ನು ಮನೆಯವರು ಇಲ್ಲ ಅಂದದ್ದು ಮಾತ್ರ ನಲವತ್ತು ವರ್ಷ ಆದರೂ ಹಸಿಯಾಗಿರುತ್ತದೆ. ಅಪ್ಪನ ತಪ್ಪನ್ನು ಆ ಹುಡುಗಿ ತಡೆದುಕೊಳ್ಳುತ್ತಾಳೆ. ತನ್ನ ಕಿವಿ, ತನ್ನ ಕಣ್ಣಿನ ಮೇಲೇ ಅವಳಿಗೆ ಅನುಮಾನ ಬರಬಾರದು. ಈಗ ಕೇಳಿದರೂ ಇದೇ ಸಲಹೆ ಕೊಡುತ್ತೇನೆ.

ಆ್ಯಪ್ ಮಾಡಿದವರ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದನ್ನೇ ನೋಡಿ ಬೆಳಿಗ್ಗೆ ಐದಕ್ಕೆ ಏಳುವ, ಆರೋಗ್ಯ ತಿರುಗಿ ಪಡೆದ ಜನರೂ ನನಗೆ ಗೊತ್ತು. ನೀವೂ ಸೈಕಲ್ ತುಳಿಯುವವರಾದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಫೋನಿನಲ್ಲಿ ಚಾರ್ಜ್ ಇಲ್ಲದ ದಿನ ಸೈಕಲ್ ಹೊರಗೆ ತೆಗೆಯುತ್ತೀರಾ? ಇಲ್ಲ ಅನ್ನಿಸಿದರೆ ಮನೆಯವರ ಹತ್ತಿರ ಮಾತಾಡಿ. ನಿಮಗಿಂತ ಮೊದಲೇ ಅವರಿಗೆ ಗೊತ್ತಾಗಿರುತ್ತದೆ.

ಮೂರು ವಾರ ಬಿಟ್ಟು ಮಾಸ್ತರ್ರು ಬಂದರು. ಹೇಳಿದ್ದರು. ಮಗಳು ಇಷ್ಟೇ ಅಂದಳಂತೆ: "ಗೊತ್ತದ ಪಪ್ಪಾ. ನೀ ತಿರುಗಿ ನೋಡಿದ್ದಿ, ನಾ ನೋಡೀನಿ." ತಾವು ತಲೆ ತಿರುಗಿಸಿದ್ದು ಅವರಿಗೇ ನೆನಪಿರಲಿಲ್ಲ. ಹೇಳಿದ ಮೇಲೆ ನೆನಪಾಯಿತಂತೆ.

ಅವಳು ಈಗಲೂ ಅವರ ಜೊತೆ ಆ ಏರಿಗೆ ಹೋಗುವುದಿಲ್ಲ. ಗೆಳತಿಯರ ಜೊತೆ ಕೋಟೆಯ ಕಡೆ ಹೋಗಿ ಬರುತ್ತಾಳೆ. ನಿದ್ದೆ ಪರವಾಗಿಲ್ಲ, ಪೂರ್ತಿ ಸರಿಯಾಗಿಲ್ಲ. 90 ದಿನ ಮುಗಿದ ಮೇಲೆ ಬಂದಾಗ ಈಗ ನಂದು ಏಳನೇ ನಂಬರ್ ಅಂದರು. ಪಟ್ಟಿ ನೋಡಿದಿರಾ ಅಂತ ಕೇಳಿದೆ. "ಒಂದ್ಸಲ ನೋಡೀನ್ರಿ" ಅಂದರು. ನಾನು ಬರೆದುಕೊಂಡೆ.

ಆ ದಿನ ಅವರ ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸ್ ಇತ್ತು. ಕೂರುವ ಮೊದಲೇ ಹೇಳಿದರು. ಬೆಳಿಗ್ಗೆ ಮಗಳ ಸೈಕಲ್ ಮಗುಚಿ, ಹಿಂದಿನ ಗಾಲಿಯ ಎರಡೂ ನಟ್ ಸಡಿಲ ಮಾಡಿ, ಗಾಲಿಯನ್ನು ಅರ್ಧ ಇಂಚು ಹಿಂದೆ ಎಳೆದು ಬಿಗಿ ಮಾಡಿದರಂತೆ. ಚೈನ್ ಜೋತು ಬಿದ್ದಿತ್ತು, ಆವತ್ತು ಕಳಚಿದ್ದೂ ಅದಕ್ಕೇ. ತಮ್ಮ ಸೈಕಲ್ ಚೈನಿಗೆ ವಾರ ವಾರ ಎಣ್ಣೆ ಬಿಡುತ್ತಿದ್ದರು. ಅವಳದನ್ನು ತಂದು ಕೊಟ್ಟ ದಿನದಿಂದ ಒಂದು ಸಲವೂ ನೋಡಿರಲಿಲ್ಲ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳಂತೆ. ಆಮೇಲೆ ಒಳಗೆ ಹೋಗಿ, ಕೈ ಒರೆಸಿಕೊಳ್ಳಲು ಒಂದು ಹಳೇ ಬಟ್ಟೆ ತಂದುಕೊಟ್ಟಳಂತೆ.